ಸಂಬಂಧ ಮುಗಿದಿದೆ, ಕಂತು ಮುಗಿದಿಲ್ಲ

ಈ ಸಂಚಿಕೆಗೆ ಆಯ್ದುಕೊಂಡ ಮೂರೂ ಪತ್ರಗಳು ಕೊಡಗಿನಿಂದ ಬಂದವು. ಮೂರರಲ್ಲೂ ಒಂದು ಸಂಬಂಧ ಕೊನೆಗೊಂಡಿದೆ. ಅದರ ಕಾಲದಲ್ಲಿ ಮಾಡಿದ ಸಾಲ ಉಳಿದುಕೊಂಡಿದೆ. ಬರೆದವರ ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬಿಟ್ಟಿದ್ದೇವೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ, ಏಕೆಂದರೆ ಅದರಲ್ಲಿರುವ ನಾಲ್ಕು ಸಾಲಗಳೂ ಬೇರೆ ಬೇರೆ ಸ್ವಭಾವದವು, ಮತ್ತು ಅವೆಲ್ಲವನ್ನೂ ಒಂದೇ ಹೊರೆಯೆಂದು ನೋಡಿದ್ದರಿಂದಲೇ ಬರೆದವರ ಭಯ ಇಮ್ಮಡಿಯಾಗಿದೆ.

ಪ್ರಶ್ನೆ: ಮಾನ್ಯರೇ, ನನಗೆ 31 ವರ್ಷ. ಮಡಿಕೇರಿಯ ಸಮೀಪದ ರೆಸಾರ್ಟ್ ಒಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಕೈಗೆ ಬರುವ ಸಂಬಳ 32,000 ರೂಪಾಯಿ. ಐದು ವರ್ಷಗಳಿಂದ ಪರಿಚಯವಿದ್ದ, ಪುತ್ತರಿ ಹಬ್ಬ ಕಳೆದ ಮೇಲೆ ನಿಶ್ಚಿತಾರ್ಥ ಮಾಡೋಣವೆಂದು ಎರಡೂ ಮನೆಯವರು ಮಾತನಾಡಿಕೊಂಡಿದ್ದ ಸಂಬಂಧ ಕಳೆದ ಮಳೆಗಾಲದಲ್ಲಿ ಮುರಿದುಬಿತ್ತು. ಮದುವೆಯಾಗಬೇಕಿದ್ದವರ ಒಕ್ಕದ (ಕೂಡುಕುಟುಂಬದ) ಜಾಗದಲ್ಲಿದ್ದ ಹಳೆಯ ಮನೆಯನ್ನು ಹೋಮ್‌ಸ್ಟೇ ಮಾಡಲು ನನ್ನ ಹೆಸರಿನಲ್ಲಿ 4 ಲಕ್ಷ ರೂಪಾಯಿ ವೈಯಕ್ತಿಕ ಸಾಲ ತೆಗೆದು, ಮೂರೂವರೆ ಲಕ್ಷವನ್ನು ಅವರ ಖಾತೆಗೆ ಕಳುಹಿಸಿದ್ದೆ. ಬಡ್ಡಿ ಶೇ 14, ಅವಧಿ 48 ತಿಂಗಳು, ಕಂತು 10,930 ರೂಪಾಯಿ. 14 ಕಂತು ಕಟ್ಟಿದ್ದೇನೆ. ಅದೇ ಮನೆಗೆ ಹಾಸಿಗೆ, ಗೀಸರ್ ಮೊದಲಾದವನ್ನು ಕೊಂಡ ಕ್ರೆಡಿಟ್ ಕಾರ್ಡ್ ಬಾಕಿ 85,000 ಇದ್ದು, ತಿಂಗಳಿಗೆ 4,250 ಕಟ್ಟುತ್ತಿದ್ದರೂ ಅದು ಇಳಿಯುತ್ತಲೇ ಇಲ್ಲ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯಲು ಅವರು ಜೀಪು ಕೊಂಡಾಗ ನಾನು ಜಾಮೀನು ಸಹಿ ಹಾಕಿದ್ದೆ; ಈಗ ಎರಡು ಕಂತು ಬಾಕಿಯಾಗಿದೆ ಎಂದು ಫೈನಾನ್ಸ್‌ನವರು ನನಗೆ ಫೋನ್ ಮಾಡುತ್ತಿದ್ದಾರೆ.

ಇವೆಲ್ಲಕ್ಕಿಂತ ಹೆಚ್ಚು ನಿದ್ರೆ ಕೆಡಿಸಿರುವುದು ನಾಲ್ಕನೆಯದು. ಲಾಕರಿನಲ್ಲಿ ಇಡಲೆಂದು ಅವ್ವ ನನ್ನ ಕೈಗೆ ಕೊಟ್ಟಿದ್ದ ಪತ್ತಾಕ್ ಮತ್ತು ಜೋಮಾಲೆ ಎಂಬ ಚಿನ್ನದ ಒಡವೆಗಳನ್ನು ಅಡವಿಟ್ಟು 1,20,000 ರೂಪಾಯಿ ತೆಗೆದಿದ್ದೇನೆ. ಬಡ್ಡಿ ಶೇ 9.5. ಅಪ್ಪ ತೀರಿಹೋಗಿದ್ದಾರೆ, ಅವ್ವ ಊರಿನಲ್ಲಿ ಎರಡು ಎಕರೆ ಕಾಫಿ ತೋಟ ನೋಡಿಕೊಂಡಿದ್ದಾರೆ, ಅವರಿಗೆ ಈ ವಿಷಯ ತಿಳಿದಿಲ್ಲ. ಬರುವ ಏಪ್ರಿಲ್‌ನಲ್ಲಿ ಚಿಕ್ಕಪ್ಪನ ಮಗನ ಮದುವೆಯಿದೆ, ಆಗ ಒಡವೆ ಕೇಳುತ್ತಾರೆ. ಕೋಣೆಯ ಬಾಡಿಗೆಯ ಪಾಲು 4,500, ಊಟ ತಿಂಡಿಗೆ 4,500, ಅವ್ವನಿಗೆ 3,000, ಓಡಾಟ ಮತ್ತು ಫೋನಿಗೆ 1,000 ಖರ್ಚಾಗುತ್ತದೆ. ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ. ಪೇಟೆಯಲ್ಲಿ ಎಲ್ಲರೂ ಕೇಳುವವರೇ ಆಗಿರುವುದರಿಂದ 42,000 ಸಂಬಳದ ಕೆಲಸವೊಂದಕ್ಕೆ ಬೆಂಗಳೂರಿಗೆ ಹೋಗಿಬಿಡಲೇ ಎನಿಸುತ್ತಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಅಂಕಿಗಳೆಲ್ಲ ಸ್ಪಷ್ಟವಾಗಿವೆ, ಬೇರೆಯವರ ಲೆಕ್ಕ ಬರೆಯುವ ಕೈ ತನ್ನ ಲೆಕ್ಕವನ್ನೂ ಮರೆಮಾಚದೆ ಬರೆದಿದೆ. ಹಾಗಿದ್ದರೂ ಪ್ರತಿ ಸಾಲದ ಪಕ್ಕದಲ್ಲಿ ನೀವು ಆ ವ್ಯಕ್ತಿಯನ್ನು ನಿಲ್ಲಿಸಿದ್ದೀರಿ. ಈ ಕಂತು ಅವರಿಗಾಗಿ, ಆ ಬಾಕಿ ಅವರ ಮನೆಗಾಗಿ ಎಂದು ನೆನೆಯುತ್ತ ಕಟ್ಟುವ ಹಣ ತಿಂಗಳು ತಿಂಗಳೂ ಅದೇ ಗಾಯವನ್ನು ಕೆದಕುತ್ತದೆ. ಕಾನೂನಿನ ದೃಷ್ಟಿಯಲ್ಲಿ ನಿಮ್ಮ ಸಹಿಯ ಮೇಲೆ ಪಡೆದ ಹಣ ಯಾರ ಕೈ ಸೇರಿದರೂ ಸಾಲ ನಿಮ್ಮದೇ. ಅವರಿಂದ ನಿಮಗೆ ಬರಬೇಕಾದ ಹಣ ಬೇರೊಂದು ಕಡತ. ಈ ಎರಡು ಕಡತಗಳನ್ನು ಇಂದಿನಿಂದಲೇ ಬೇರೆ ಬೇರೆ ಇಡಿ. ಅವರು ಕೊಟ್ಟರೆ ನಾನು ಕಟ್ಟುತ್ತೇನೆ ಎಂಬ ಸ್ಥಿತಿಯಲ್ಲಿ ಇದ್ದಷ್ಟು ಕಾಲವೂ ನಿಮ್ಮ ಬದುಕಿನ ಲೆಕ್ಕ ಅವರ ಮರ್ಜಿಯಲ್ಲಿಯೇ ಇರುತ್ತದೆ.

ಮೊದಲು ಒಡವೆಯ ಮಾತು. ಹಣದ ಲೆಕ್ಕದಲ್ಲಿ ನಿಮ್ಮ ನಾಲ್ಕು ಸಾಲಗಳ ಪೈಕಿ ಅತ್ಯಂತ ಕಡಿಮೆ ತೊಂದರೆಯದು ಅದು: ತಿಂಗಳಿಗೆ 950 ರೂಪಾಯಿ ಬಡ್ಡಿ. ಆದ್ದರಿಂದ ಅದನ್ನು ಬಿಡಿಸುವುದು ಕೊನೆಗೆ ಆಗಲಿ, ಆದರೆ ಅದನ್ನು ಹೇಳುವುದು ಎಲ್ಲಕ್ಕಿಂತ ಮೊದಲು ಆಗಬೇಕು. ಆ ಒಡವೆ ನಿಮ್ಮದಲ್ಲ, ನಂಬಿ ಕೊಟ್ಟದ್ದು. ಏಪ್ರಿಲ್‌ನಲ್ಲಿ ಮದುವೆಯ ಹಿಂದಿನ ದಿನ ತಿಳಿಯುವ ಸತ್ಯಕ್ಕೂ ಇಂದು ನೀವಾಗಿಯೇ ಮನೆಗೆ ಹೋಗಿ, ಅಡವಿನ ರಸೀದಿ ಮತ್ತು ತೀರಿಸುವ ಯೋಜನೆಯ ಹಾಳೆಯನ್ನು ಮುಂದಿಟ್ಟು ಹೇಳುವ ಸತ್ಯಕ್ಕೂ ಅಜಗಜಾಂತರವಿದೆ. ತಾಯಿಗೆ ನೋವಾಗುತ್ತದೆ, ಕೋಪವೂ ಬರಬಹುದು. ಅದನ್ನು ಕೇಳಿಸಿಕೊಳ್ಳುವುದು ನಿಮ್ಮ ಪಾಲಿನ ಕರ್ತವ್ಯ. ಮಗಳ ಮದುವೆಯ ಮಾತು ಮುರಿದ ದುಃಖದಲ್ಲಿರುವ ಅವರಿಗೆ ಮಗಳು ಇಷ್ಟು ದಿನ ಒಬ್ಬಳೇ ಏನನ್ನು ಹೊತ್ತಿದ್ದಳು ಎಂಬುದು ತಿಳಿಯದೆ ಇರುವುದು ಇಬ್ಬರಿಗೂ ಒಳ್ಳೆಯದಲ್ಲ.

ಇಷ್ಟಾದ ಮೇಲೆ ಅಡವಿನ ಪತ್ರವನ್ನು ತೆಗೆದು ವಾಯಿದೆ ದಿನಾಂಕವನ್ನು ಗುರುತು ಹಾಕಿಕೊಳ್ಳಿ. ಚಿನ್ನದ ಸಾಲದಲ್ಲಿ ಅಪಾಯವಿರುವುದು ಬಡ್ಡಿಯ ದರದಲ್ಲಿ ಅಲ್ಲ, ಮರೆತ ವಾಯಿದೆಯಲ್ಲಿ. ವಾಯಿದೆ ಮೀರಿದರೆ ಸಾಲ ಕೊಟ್ಟವರು ನೋಟಿಸು ನೀಡಿ ಹರಾಜಿಗೆ ಇಡಬಹುದು. ಸಾಲ ಕಳೆದು ಮಿಕ್ಕ ಹಣವನ್ನು ನಿಮಗೆ ಹಿಂದಿರುಗಿಸಬೇಕೆಂಬ ನಿಯಮವಿದೆಯಾದರೂ, ಅರಗು ತುಂಬಿದ ಜೋಮಾಲೆಯ ಮಣಿಗಳಿಗೆ ಹರಾಜಿನಲ್ಲಿ ಸಿಗುವುದು ಒಳಗಿನ ಅರಗಿನ ತೂಕ ಕಳೆದು ಉಳಿಯುವ ಚಿನ್ನದ ಬೆಲೆ ಮಾತ್ರ. ಅಜ್ಜಿಯ ಕೊರಳಿನಿಂದ ತಾಯಿಯ ಕೊರಳಿಗೆ ಬಂದ ಒಡವೆಗೆ ಅಲ್ಲಿ ಬೇರೆ ಬೆಲೆಯಿಲ್ಲ. ವಾಯಿದೆಗೆ ಮೊದಲೇ ಬಡ್ಡಿ ಕಟ್ಟಿ ನವೀಕರಿಸಿ, ಹಾಗೆ ಮಾಡುವಾಗ ಎರಡು ಒಡವೆಗಳನ್ನು ಎರಡು ಪ್ರತ್ಯೇಕ ಸಾಲಗಳಾಗಿ ಮಾಡಿಕೊಡಲು ಸಾಧ್ಯವೇ ಎಂದು ಕೇಳಿ. ಸಾಧ್ಯವಾದರೆ ಅಸಲಿನ ಒಂದು ಭಾಗ ಕಟ್ಟಿದಾಗಲೇ ಒಂದು ಒಡವೆಯಾದರೂ ಮನೆಗೆ ಬರುತ್ತದೆ. ಏಪ್ರಿಲ್ ಮದುವೆಗೆ ಎರಡೂ ಬರಲಾರವು. ತಾಯಿಗೆ ಅದನ್ನು ಸುತ್ತಿಬಳಸದೆ ಹೇಳಿ.

ನಿಜವಾಗಿ ನಿಮ್ಮನ್ನು ತಿನ್ನುತ್ತಿರುವುದು ಕ್ರೆಡಿಟ್ ಕಾರ್ಡ್. ಇಲ್ಲಿನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮಲ್ಲಿ ಕಾರ್ಡ್ ಬಾಕಿಯ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇ 3ರಿಂದ 3.75ರವರೆಗೆ ಇರುತ್ತದೆ. ನಿಮ್ಮದು ಶೇ 3.5 ಎಂದಿಟ್ಟುಕೊಂಡರೆ 85,000ಕ್ಕೆ ಒಂದು ತಿಂಗಳ ಬಡ್ಡಿ 2,975 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 3,510 ಆಗುತ್ತದೆ. ನೀವು ಕಟ್ಟುವ 4,250ರಲ್ಲಿ ಅಸಲಿಗೆ ಸೇರುವುದು ಸುಮಾರು 740 ರೂಪಾಯಿ ಮಾತ್ರ. ಇದೇ ರೀತಿ ಕದಲದೆ 4,250 ಕಟ್ಟುತ್ತ ಹೋದರೂ ಸಾಲ ತೀರಲು ಮೂರೂವರೆ ವರ್ಷಕ್ಕಿಂತ ಹೆಚ್ಚು ಬೇಕು, ಮತ್ತು ನಡುವೆ ಆ ಕಾರ್ಡಿನಲ್ಲಿ ಏನಾದರೂ ಕೊಂಡರೆ, ಹಳೆಯ ಬಾಕಿ ಇರುವವರೆಗೆ ಬಡ್ಡಿರಹಿತ ಅವಧಿಯ ಸೌಲಭ್ಯ ಸಿಗದ ಕಾರಣ, ಕೊಂಡ ದಿನದಿಂದಲೇ ಅದಕ್ಕೂ ಬಡ್ಡಿ ಓಡತೊಡಗುತ್ತದೆ.

ಈಗ ಇದೇ 85,000ವನ್ನು 24 ತಿಂಗಳ ಕಂತುಗಳಾಗಿ ಪರಿವರ್ತಿಸಿಕೊಡುವಂತೆ ಕಾರ್ಡ್ ನೀಡಿದ ಬ್ಯಾಂಕನ್ನು ಕೇಳಿ. ವರ್ಷಕ್ಕೆ ಶೇ 18ರ ದರದಲ್ಲಿ ಸಿಕ್ಕಿದರೂ ಕಂತು ಸುಮಾರು 4,245 ರೂಪಾಯಿ. ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿ ಮೊದಲ ತಿಂಗಳು 4,475ರ ಆಸುಪಾಸು, ನಂತರ ಕ್ರಮೇಣ ಇಳಿಯುತ್ತದೆ. ಹೆಚ್ಚುಕಡಿಮೆ ಈಗ ಕಟ್ಟುತ್ತಿರುವ ಮೊತ್ತದಲ್ಲಿಯೇ ಎರಡು ವರ್ಷಕ್ಕೆ ಆ ಸಾಲ ಪೂರ್ತಿ ಮುಗಿಯುತ್ತದೆ. ಪರಿವರ್ತನೆಯ ಶುಲ್ಕವೆಷ್ಟು ಎಂಬುದನ್ನು ಮೊದಲೇ ಕೇಳಿ ಬರಹದಲ್ಲಿ ಪಡೆಯಿರಿ. ಆ ದಿನದಿಂದ ಕಾರ್ಡನ್ನು ಬಳಸಬೇಡಿ; ಫೋನಿನ ಖರೀದಿ ಆ್ಯಪ್‌ಗಳಲ್ಲಿ ಉಳಿಸಿಟ್ಟಿರುವ ಕಾರ್ಡ್ ಸಂಖ್ಯೆಯನ್ನೂ ಅಳಿಸಿ.

ಇಲ್ಲಿ ಇನ್ನೊಂದು ದಾರಿಯೂ ನಿಮಗೆ ಕಾಣಿಸಬಹುದು. ಅಡವಿಟ್ಟ ಚಿನ್ನದ ಮೇಲೆಯೇ ಇನ್ನಷ್ಟು ಹಣ ತೆಗೆದು ಕಾರ್ಡ್ ತೀರಿಸಿದರೆ ಬಡ್ಡಿ ಇನ್ನೂ ಕಡಿಮೆಯಾಗುತ್ತದೆ ಎಂಬುದು ಲೆಕ್ಕದಲ್ಲಿ ನಿಜ. ಆದರೂ ನಾನು ಅದನ್ನು ಸೂಚಿಸುವುದಿಲ್ಲ. ತಾಯಿಗೆ ಹೇಳದೆ ಇಟ್ಟ ಒಡವೆಯ ಮೇಲೆ ಎರಡನೆಯ ಭಾರ ಹೇರುವ ಹಕ್ಕು ನಿಮಗಿಲ್ಲ, ಮತ್ತು ಹೇಳಿದ ಮೇಲೆ ಅವರು ಮಮತೆಯಿಂದ ಒಪ್ಪಿದರೂ ಆ ಒಪ್ಪಿಗೆಯನ್ನು ಬಳಸಿಕೊಳ್ಳಬಾರದು. ಕಾರ್ಡ್ ಬಾಕಿಯ ಹಿಂದೆ ಯಾವ ಆಸ್ತಿಯೂ ಇಲ್ಲ. ಅದನ್ನು ಒಡವೆಯ ಮೇಲಿನ ಸಾಲವಾಗಿ ಬದಲಿಸಿದರೆ ಮುಂದೊಂದು ದಿನ ಸಂಬಳ ನಿಂತಾಗ ಹೋಗುವುದು ಒಡವೆ. ಇದೇ ಕಾರಣಕ್ಕೆ, ತಾಯಿ ಊರಿನ ವ್ಯವಸಾಯ ಸೇವಾ ಸಹಕಾರ ಸಂಘದಿಂದ ಬೆಳೆ ಸಾಲ ತೆಗೆದು ಕೊಡುತ್ತೇನೆ ಎಂದರೂ, ಕಾಫಿ ವ್ಯಾಪಾರಿಯಿಂದ ಫಸಲಿನ ಮೇಲೆ ಮುಂಗಡ ತರುತ್ತೇನೆ ಎಂದರೂ ಬೇಡವೆನ್ನಿ. ಸಂಘದ ಶೂನ್ಯ ಬಡ್ಡಿಯ ಸಾಲ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಶೂನ್ಯ ಬಡ್ಡಿಯದು, ಮತ್ತು ಅದು ತೋಟದ ಗೊಬ್ಬರಕ್ಕೆ, ಆಳಿನ ಕೂಲಿಗೆ ಇರುವ ಹಣ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದ ವರ್ಷ ಎರಡು ಎಕರೆಯವರ ಪಾಡೇನಾಗುತ್ತದೆ ಎಂಬುದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂಗಡ ಪಡೆದವರು ಬೆಲೆ ಏರಿದಾಗ ಕಾಯುವ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳುತ್ತಾರೆ.

ಕಾರ್ಡ್ ಬಾಕಿಯನ್ನು ಅರ್ಧಕ್ಕೆ ‘ಸೆಟಲ್’ ಮಾಡಿಸಿಕೊಡುತ್ತೇವೆ ಎಂದು ಕೆಲವರು ಫೋನ್ ಮಾಡಬಹುದು. ಹಾಗೆ ಮುಗಿಸಿದ ಸಾಲ ನಿಮ್ಮ ಸಿಬಿಲ್ ವರದಿಯಲ್ಲಿ (ಸಾಲ ಕಟ್ಟಿದ ಇತಿಹಾಸದ ದಾಖಲೆಯಲ್ಲಿ) ಪೂರ್ತಿ ತೀರಿದ ಸಾಲವೆಂದು ದಾಖಲಾಗದೆ, ರಾಜಿಯಲ್ಲಿ ಮುಗಿದ ಸಾಲವೆಂದು ದಾಖಲಾಗುತ್ತದೆ ಮತ್ತು ಮುಂದೆ ಸಾಲ ಕೊಡುವವರೆಲ್ಲ ಅದನ್ನು ನೋಡುತ್ತಾರೆ. ಕಟ್ಟುವ ಶಕ್ತಿಯೇ ಇಲ್ಲದವರಿಗೆ ಅದು ಕೊನೆಯ ಮಾರ್ಗ, ನಿಮಗೆ ಶಕ್ತಿಯಿದೆ.

ವೈಯಕ್ತಿಕ ಸಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇನ್ನೂ ಸುಮಾರು 3.05 ಲಕ್ಷ ಅಸಲು, 34 ಕಂತು ಉಳಿದಿವೆ. ಸಂಬಳ ಬಂದ ಮರುದಿನವೇ ಕಂತು ಖಾತೆಯಿಂದ ಹೋಗುವಂತೆ ದಿನಾಂಕವನ್ನು ಹೊಂದಿಸಿಕೊಂಡು, ಅದರತ್ತ ಮತ್ತೆ ನೋಡದಿರಿ. ಕೈಯಲ್ಲಿ ಹಣ ಸೇರಿದಾಗ ಅವಧಿಗೆ ಮುನ್ನ ಕಟ್ಟುವ ಆಸೆಯಾದರೆ, ಅದಕ್ಕೆ ಶುಲ್ಕವಿದೆಯೇ ಎಂದು ಕರಾರಿನಲ್ಲಿ ಮೊದಲು ಓದಿ.

ಜೀಪಿನ ಜಾಮೀನು ಮಾತ್ರ ತುರ್ತು ಗಮನ ಬೇಡುವ ವಿಷಯ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. ಮೊದಲು ಅವರನ್ನು ಕೇಳಿ, ಆಮೇಲೆ ನನ್ನ ಬಳಿ ಬನ್ನಿ ಎನ್ನಲು ಬರುವುದಿಲ್ಲ. ಸಂಬಂಧ ಮುರಿಯಿತು ಎಂಬುದು ಜಾಮೀನಿನಿಂದ ಬಿಡುಗಡೆಯ ಕಾರಣವೂ ಆಗುವುದಿಲ್ಲ. ಹಾಗೆಂದು ಫೋನಿನಲ್ಲಿ ಹೆದರಿ ಆ ಎರಡು ಕಂತುಗಳನ್ನು ಕಟ್ಟಿಬಿಡಬೇಡಿ. ಫೈನಾನ್ಸ್ ಕಚೇರಿಗೆ ಲಿಖಿತವಾಗಿ ಮೂರು ವಿಷಯ ಕೇಳಿ: ಸಾಲದ ಈವರೆಗಿನ ಲೆಕ್ಕ, ನೀವು ಸಹಿ ಹಾಕಿದ ಜಾಮೀನು ಪತ್ರದ ಪ್ರತಿ, ಮತ್ತು ಇನ್ನು ಮುಂದೆ ಬಾಕಿಯಾದ ಕೂಡಲೇ ನಿಮಗೂ ತಿಳಿಸುವ ವ್ಯವಸ್ಥೆ. ವಾಹನ ಸಾಲಗಾರರ ವಶದಲ್ಲಿ ಓಡುತ್ತಿದೆ, ಅದೇ ಸಾಲಕ್ಕೆ ಆಧಾರವೂ ಆಗಿದೆ ಎಂಬುದನ್ನು ಆ ಪತ್ರದಲ್ಲಿ ದಾಖಲಿಸಿ. ಬದಲಿ ಜಾಮೀನುದಾರರನ್ನು ಒಪ್ಪಿಕೊಂಡು ನಿಮ್ಮನ್ನು ಬಿಡುಗಡೆ ಮಾಡುವಂತೆಯೂ ಕೋರಿ. ಅವರು ಒಪ್ಪಲೇಬೇಕೆಂದಿಲ್ಲ, ಆದರೆ ಜೀಪಿನ ಮಾಲೀಕರು ತಮ್ಮ ಅಣ್ಣನನ್ನೋ ಚಿಕ್ಕಪ್ಪನನ್ನೋ ಮುಂದಿಟ್ಟರೆ ಒಪ್ಪುವುದುಂಟು. ಮುಂದೆ ನೀವು ಒಂದು ರೂಪಾಯಿ ಕಟ್ಟಬೇಕಾಗಿ ಬಂದರೂ ಅದನ್ನು ಸಾಲಗಾರರಿಂದ ವಸೂಲು ಮಾಡುವ ಹಕ್ಕನ್ನು ಅದೇ ಕಾಯ್ದೆಯ 145ನೇ ಕಲಮು ನಿಮಗೆ ಕೊಟ್ಟಿದೆ. ಆದ್ದರಿಂದ ಕಟ್ಟಿದ್ದಕ್ಕೆಲ್ಲ ನಿಮ್ಮ ಖಾತೆಯಿಂದಲೇ ಪಾವತಿಸಿದ ರಸೀದಿ ಇರಲಿ. ಸಿಬಿಲ್ ಸೇರಿದಂತೆ ಸಾಲದ ದಾಖಲೆ ಇಡುವ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ಈ ವಾರವೇ ಒಂದನ್ನು ತರಿಸಿ ನೋಡಿ. ನಿಮ್ಮ ಹೆಸರಿನಲ್ಲಿ ನಿಮಗೆ ನೆನಪಿಲ್ಲದ ಬೇರೊಂದು ಸಹಿ ಇದೆಯೇ ಎಂಬುದೂ ಅದರಲ್ಲಿ ತಿಳಿಯುತ್ತದೆ.

ಈಗ ಎರಡನೆಯ ಕಡತ, ಅಂದರೆ ಅವರಿಂದ ಬರಬೇಕಾದ ಮೂರೂವರೆ ಲಕ್ಷ. ಬ್ಯಾಂಕ್ ಖಾತೆಯ ಮೂಲಕ ಕಳುಹಿಸಿದ್ದು ನಿಮ್ಮ ದೊಡ್ಡ ಬಲ. ಆ ವರ್ಗಾವಣೆಗಳ ದಾಖಲೆಯನ್ನು ಬ್ಯಾಂಕಿನಿಂದ ಪಡೆದು, ಹಣದ ಕುರಿತು ಇಬ್ಬರ ನಡುವೆ ನಡೆದ ಸಂದೇಶಗಳನ್ನು ಅಳಿಸದೆ ಕಾಪಾಡಿಕೊಳ್ಳಿ. ನೋವಿನ ದಿನಗಳಲ್ಲಿ ಹಳೆಯ ಮಾತುಕತೆಯನ್ನೆಲ್ಲ ಅಳಿಸಿಬಿಡುವ ಮನಸ್ಸಾಗುತ್ತದೆ. ಬೇಕಾದರೆ ಅವನ್ನು ಬೇರೆಡೆ ಉಳಿಸಿ, ಫೋನಿನಿಂದ ಮಾತ್ರ ತೆಗೆಯಿರಿ. ಸಾಲವಾಗಿ ಕೊಟ್ಟ ಹಣಕ್ಕೆ ದಾವೆ ಹೂಡಲು ಕಾಲಪರಿಮಿತಿ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಕೊಟ್ಟ ದಿನದಿಂದ 3 ವರ್ಷ ಅವಕಾಶವಿದೆ, ಮತ್ತು ಆ ಅವಧಿಯೊಳಗೆ ಅವರು ಬರೆದು ಸಹಿ ಮಾಡಿ ಬಾಕಿಯನ್ನು ಒಪ್ಪಿಕೊಂಡರೆ ಅಂದಿನಿಂದ ಮತ್ತೆ ಹೊಸ ಅವಧಿ ಆರಂಭವಾಗುತ್ತದೆ. ನಾನು ಕೊಟ್ಟದ್ದು ಸಾಲ ಎಂದು ನೀವು, ಇಬ್ಬರೂ ಸೇರಿ ಹಾಕಿದ ಬಂಡವಾಳ ಎಂದು ಅವರು ಹೇಳುವ ಸಂಭವವಿರುವುದರಿಂದ ಆ ಒಪ್ಪಿಗೆಯ ಪತ್ರಕ್ಕೆ ತುಂಬಾ ಬೆಲೆಯಿದೆ. ಇದಕ್ಕೆ ಎರಡೂ ಒಕ್ಕಗಳ ಹಿರಿಯರನ್ನು ಕೂರಿಸುವುದು ಒಳ್ಳೆಯ ಆರಂಭ. ಹಣದ ಮಾತನ್ನಷ್ಟೇ ಆಡಬೇಕು, ಮುರಿದ ಮಾತನ್ನು ಮತ್ತೆ ಜೋಡಿಸುವ ಪ್ರಯತ್ನ ಬೇಡ ಎಂದು ಮೊದಲೇ ತಿಳಿಸಿ, ತಿಂಗಳಿಗೆ ಇಂತಿಷ್ಟು ಎಂದು ಬರಹದಲ್ಲಿ ಪಡೆಯಲು ಕೇಳಿಕೊಳ್ಳಿ. ಅದು ಫಲಿಸದಿದ್ದರೆ ಮಡಿಕೇರಿಯ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ದಾವೆ ಹೂಡುವ ಮುನ್ನವೇ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ ಮತ್ತು ಅದರ ಮೇಲೆ ಮೇಲ್ಮನವಿ ಇಲ್ಲ. ಆ ಮನೆಯ ದುರಸ್ತಿಗೆ ಹಣ ಹಾಕಿದ್ದರಿಂದ ಒಕ್ಕದ ಜಾಗದಲ್ಲಿರುವ ಕಟ್ಟಡದ ಮೇಲೆ ನಿಮಗೆ ಹಕ್ಕು ಹುಟ್ಟಿದೆ ಎಂದು ಮಾತ್ರ ನಂಬಬೇಡಿ. ಬರುವ ಹಣವನ್ನು ಬಂದ ದಿನ ಲೆಕ್ಕಕ್ಕೆ ತೆಗೆದುಕೊಳ್ಳೋಣ; ಕೆಳಗಿನ ಯೋಜನೆಯಲ್ಲಿ ಅದನ್ನು ಸೊನ್ನೆಯೆಂದೇ ಹಿಡಿದಿದ್ದೇನೆ.

ನೀವು ಬರೆದ ಖರ್ಚು 13,000, ಸಾಲಗಳಿಗೆ ಹೋಗುವುದು 16,130. ಒಟ್ಟು 29,130. ಅಂದರೆ 2,870 ರೂಪಾಯಿ ಉಳಿಯಬೇಕು, ಆದರೆ ಉಳಿಯುತ್ತಿಲ್ಲ. ಎಲ್ಲಿ ಹೋಗುತ್ತಿದೆ ಎಂದು ಒಂದು ತಿಂಗಳು ಬರೆದಿಡಿ. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ, ಒಂಟಿತನದ ಸಂಜೆಗಳಲ್ಲಿ ಹಣ ಗೊತ್ತಿಲ್ಲದೆ ಖರ್ಚಾಗುವುದು ಸಹಜ. ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವನ್ನು ಬಳಸಿದರೆ ಓಡಾಟದ ಖರ್ಚು ಇನ್ನೂ ಇಳಿಯಬಹುದು. ಕಾರ್ಡ್ ಕಂತಿನ ಹೆಚ್ಚುವರಿ ಜಿಎಸ್‌ಟಿ ಕಳೆದು ಮಿಗುವ ಹಣದಲ್ಲಿ 1,000 ರೂಪಾಯಿಯನ್ನು ಯಾವ ಸಾಲಕ್ಕೂ ಕಟ್ಟದೆ ಆರ್.ಡಿ.ಯಲ್ಲಿ (ತಿಂಗಳು ತಿಂಗಳು ಕಟ್ಟುವ ಠೇವಣಿಯಲ್ಲಿ) ಇಡಿ. ಸಾಲವಿರುವಾಗ ಉಳಿತಾಯವೇಕೆ ಎಂದು ಕೇಳಬಹುದು. ಜ್ವರ ಬಂದಾಗ, ಫೋನು ಕೆಟ್ಟಾಗ ಮತ್ತೆ ಆ ಕಾರ್ಡಿನತ್ತ ಕೈ ಚಾಚದಿರಲು ಅದು ಬೇಕು. ಉಳಿದ 1,500 ಒಡವೆಯ ಅಸಲಿಗೆ ಹೋಗಲಿ. 24 ತಿಂಗಳಿಗೆ ಒಡವೆಯ ಸಾಲ 84,000ಕ್ಕೆ ಇಳಿದಿರುತ್ತದೆ, ಕಾರ್ಡ್ ಮುಗಿದಿರುತ್ತದೆ. ಅಲ್ಲಿಂದ ಕಾರ್ಡಿನ 4,250 ಸೇರಿ ತಿಂಗಳಿಗೆ 5,750 ಒಡವೆಗೆ ಹೋಗುತ್ತದೆ. ಹತ್ತು ತಿಂಗಳ ನಂತರ ವೈಯಕ್ತಿಕ ಸಾಲವೂ ಮುಗಿದಾಗ ಒಡವೆಯ ಮೇಲೆ ಉಳಿಯುವುದು ಸುಮಾರು 26,500. ಬಿಡುಗಡೆಯಾದ ಕಂತಿನ ಹಣದಿಂದ ಅದು ಎರಡು ತಿಂಗಳ ಕೆಲಸ. ಒಟ್ಟು ಮೂರು ವರ್ಷ. ನಿಮಗಾಗ 34. ಜನವರಿಯಿಂದ ಮಾರ್ಚ್‌ವರೆಗಿನ ರೊಬಸ್ಟಾ ಕಾಫಿ ಕುಯ್ಲಿನ ಕಾಲದಲ್ಲಿ ಆಳುಗಳ ಹಾಜರಿ, ಕೂಲಿ, ಮಾರಾಟದ ಲೆಕ್ಕ ಬರೆದುಕೊಡುವವರಿಗಾಗಿ ಸಣ್ಣ ಬೆಳೆಗಾರರು ಹುಡುಕುತ್ತಿರುತ್ತಾರೆ. ವಾರದ ರಜೆಯಲ್ಲಿ ಒಂದೆರಡು ತೋಟಗಳ ಲೆಕ್ಕ ಹಿಡಿದರೂ ಈ ಅವಧಿ ಇನ್ನಷ್ಟು ಕಡಿಮೆಯಾದೀತು.

ಬೆಂಗಳೂರಿನ ಪ್ರಶ್ನೆಗೆ ಬರುತ್ತೇನೆ. ಹೊಸ ಊರು ಬೇಕೆನಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಸಂಬಳದಲ್ಲಿ ಹೆಚ್ಚುವ 10,000ದಲ್ಲಿ ಬಾಡಿಗೆ, ಊಟ, ಓಡಾಟದ ಹೆಚ್ಚಳ ಎಷ್ಟನ್ನು ನುಂಗುತ್ತದೆ, ಮುಂಗಡವಾಗಿ ಕೊಡಬೇಕಾದ ಠೇವಣಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಅಲ್ಲಿರುವ ಸ್ನೇಹಿತೆಯ ಜೊತೆ ಕುಳಿತು ಬರೆದು ನೋಡಿ. ಎಲ್ಲ ಕಳೆದು ಈಗಿನದಕ್ಕಿಂತ 5,000 ಹೆಚ್ಚು ಉಳಿಯುವುದಾದರೆ ಹೋಗಿ. ಮೂರು ವರ್ಷ ಎರಡೂಕಾಲು ವರ್ಷದ ಹತ್ತಿರಕ್ಕೆ ಬರಬಹುದು. ಠೇವಣಿಗೇ ಸಾಲ ಮಾಡಬೇಕಾದರೆ ಬೇಡ. ಪೇಟೆಯಲ್ಲಿ ಕೇಳುವವರಿಗೆ ಉತ್ತರಿಸುವ ಹೊಣೆ ನಿಮಗಿಲ್ಲ. ಮದುವೆಗೆ ಮೊದಲೇ ಮುಗಿದ ಮಾತಿಗಾಗಿ ತಲೆ ತಗ್ಗಿಸಿ ನಡೆಯಬೇಕಾದ ಕಾರಣವೂ ಇಲ್ಲ. ನಿದ್ರೆ ಬಾರದಿರುವುದು ವಾರಗಟ್ಟಲೆ ಮುಂದುವರಿದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರೂ ಸಿಗುತ್ತಾರೆ. ಮುಂದೆ ಬೇರೆ ಸಂಬಂಧದ ಮಾತು ಬಂದಾಗ ಈ ಸಾಲದ ಹಾಳೆಯನ್ನು ಮುಚ್ಚಿಡಬೇಡಿ, ಹಾಗೆಯೇ ಸಾಲ ತೀರಿಸಲೆಂದು ಸಂಬಂಧಕ್ಕೆ ಅವಸರವನ್ನೂ ಪಡಬೇಡಿ.

ಪ್ರಶ್ನೆ: ನಾಪೋಕ್ಲು ಕಡೆಯವನು, 24 ವರ್ಷ. ಪ್ರೀತಿಸಿದ ಹುಡುಗಿಗೆ ಉಡುಗೊರೆ ಕೊಡಲು, ಪ್ರವಾಸಕ್ಕೆ ಎಂದು ಮೂರು ಸಾಲದ ಆ್ಯಪ್‌ಗಳಿಂದ ಹಣ ತೆಗೆದಿದ್ದೆ. ಅವಳು ದೂರವಾದಳು. ಈಗ ಒಂದರ ಸಾಲ ತೀರಿಸಲು ಇನ್ನೊಂದರಿಂದ ತೆಗೆಯುತ್ತಿದ್ದೇನೆ. ನನ್ನ ಫೋಟೋ ತಿರುಚಿ ಪರಿಚಯದವರಿಗೆಲ್ಲ ಕಳುಹಿಸುತ್ತೇವೆ ಎಂದು ಬೆದರಿಸುತ್ತಿದ್ದಾರೆ. ಅಪ್ಪನಿಗೆ ತಿಳಿದರೆ ಮುಖ ತೋರಿಸಲಾರೆ. ಬದುಕೇ ಸಾಕೆನಿಸಿದೆ.

ಉತ್ತರ: ಬದುಕು ಸಾಕೆನಿಸಿದೆ ಎಂದು ಬರೆದಿದ್ದೀರಿ, ಆದ್ದರಿಂದ ಹಣದ ಮಾತಿಗೆ ಮೊದಲು ಇದನ್ನು ಮಾಡಿ: ಈ ಉತ್ತರ ಓದಿದ ಕೂಡಲೇ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಮತ್ತು ಇಂದು ರಾತ್ರಿ ಒಬ್ಬರೇ ಇರಬೇಡಿ; ಅಣ್ಣ, ಸೋದರಮಾವ, ಸ್ನೇಹಿತ, ಯಾರಾದರೂ ಒಬ್ಬರ ಜೊತೆಗಿರಿ. ನಿಮ್ಮ ಸಾಲ ಎಷ್ಟೇ ಇರಲಿ, ಅದಕ್ಕೆ ದಾರಿಯಿದೆ.

ಬೆದರಿಕೆ ಅಪರಾಧ, ಅದಕ್ಕೆ ತುತ್ತಾದವರು ನಾಚಬೇಕಾಗಿಲ್ಲ. ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿಯನ್ನಾಗಲಿ ಚಿತ್ರಗಳನ್ನಾಗಲಿ ಬಳಸಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿಯೇ ಹೇಳಿದೆ. ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂಬುದೂ ಅದರದೇ ನಿಯಮ. ಕಿರುಸಾಲದ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಬಂದ ಕಾನೂನು 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಸಂದೇಶ, ಕರೆಗಳ ದಾಖಲೆ, ಹಣ ಹೋದ ಖಾತೆಯ ವಿವರ ಇವುಗಳ ಚಿತ್ರ ತೆಗೆದಿಟ್ಟುಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ದೂರು ಕೊಡಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಮಡಿಕೇರಿಯ ಸೆನ್ ಪೊಲೀಸ್ ಠಾಣೆಗೂ ಹೋಗಿ. ಆಮೇಲಷ್ಟೇ ಆ್ಯಪ್‌ಗಳನ್ನು ತೆಗೆದುಹಾಕಿ. ನಾಲ್ಕನೆಯ ಆ್ಯಪ್ ಯಾವ ಕಾರಣಕ್ಕೂ ಬೇಡ. ಸಾಲ ಕೊಟ್ಟವರು ನೋಂದಾಯಿತ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯಾಗಿದ್ದರೆ ಅಸಲು ಮತ್ತು ನ್ಯಾಯಯುತ ಬಡ್ಡಿಯನ್ನು ಕಟ್ಟಲೇಬೇಕು; ಮೊದಲು ಆ ಸಂಸ್ಥೆಗೇ ಬರೆದು, 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ಪರಿಹರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಿ. ಅದರ ಸಹಾಯವಾಣಿ 14448.

ಅಪ್ಪನಿಗೆ ನೀವೇ ಹೇಳಿ, ಬೇಕಾದರೆ ಸೋದರಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು. ತಿರುಚಿದ ಚಿತ್ರ ಅವರ ಫೋನಿಗೆ ಬರುವ ಮೊದಲು ನಿಮ್ಮ ಮಾತು ತಲುಪಿದರೆ ಬೆದರಿಸುವವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಪ್ರಶ್ನೆ: ಕುಶಾಲನಗರದಲ್ಲಿ ವಾಸ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಲಿದ್ದೇವೆ. ಮಕ್ಕಳಿಲ್ಲ. ಮನೆ ಮತ್ತು ಗೃಹಸಾಲ ಎರಡೂ ಇಬ್ಬರ ಹೆಸರಿನಲ್ಲಿವೆ. ಮನೆ ನಾನು ಇಟ್ಟುಕೊಂಡು ಸಾಲವನ್ನೂ ನಾನೇ ತೀರಿಸುವುದೆಂದು ಮಾತಾಗಿದೆ. ಒಪ್ಪಂದದಲ್ಲಿ ಹಾಗೆ ಬರೆದರೆ ಸಾಕೇ?

ಉತ್ತರ: ಸಾಲದು. ನಿಮ್ಮಿಬ್ಬರ ಒಪ್ಪಂದ ನಿಮ್ಮಿಬ್ಬರನ್ನು ಮಾತ್ರ ಕಟ್ಟುತ್ತದೆ, ಬ್ಯಾಂಕನ್ನಲ್ಲ. ನೀವು ನಾಳೆ ಕಂತು ತಪ್ಪಿಸಿದರೆ ಬ್ಯಾಂಕು ನಿಮ್ಮ ಸಂಗಾತಿಯನ್ನೂ ಕೇಳಬಹುದು, ಅವರ ಸಿಬಿಲ್ ಅಂಕವೂ ಕುಸಿಯುತ್ತದೆ. ಆದ್ದರಿಂದ ಮೊದಲು ಬ್ಯಾಂಕಿಗೆ ಹೋಗಿ ಅವರ ಹೆಸರನ್ನು ಸಾಲದಿಂದ ಕೈಬಿಡಲು ಅರ್ಜಿ ಕೊಡಿ. ನಿಮ್ಮೊಬ್ಬರ ಆದಾಯ ಸಾಕೆ ಎಂದು ಬ್ಯಾಂಕಿನವರು ಪರಿಶೀಲಿಸುತ್ತಾರೆ. ಸಾಲದಿದ್ದರೆ ಬೇರೊಬ್ಬ ಸಹಸಾಲಗಾರರನ್ನು ಕೇಳಬಹುದು. ಬ್ಯಾಂಕಿನ ಲಿಖಿತ ಒಪ್ಪಿಗೆ ಬಂದ ಮೇಲೆ ಅವರ ಪಾಲಿನ ಹಕ್ಕು ಬಿಡುಗಡೆ ಪತ್ರವನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಿ, ಎರಡನ್ನೂ ವಿಚ್ಛೇದನದ ಅರ್ಜಿಯಲ್ಲಿ ಉಲ್ಲೇಖಿಸಿ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಮೊದಲ ಅರ್ಜಿಗೂ ಎರಡನೆಯ ಹಂತಕ್ಕೂ ನಡುವೆ ಆರು ತಿಂಗಳ ಅವಧಿಯಿದೆ. ತಕ್ಕ ಪ್ರಕರಣಗಳಲ್ಲಿ ಅದನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರೂ, ಬ್ಯಾಂಕಿನ ಕೆಲಸ ಮುಗಿಸಲು ಆ ಕಾಲವನ್ನು ಬಳಸಿಕೊಳ್ಳುವುದು ಒಳ್ಳೆಯದು. ಬ್ಯಾಂಕು ಒಪ್ಪದಿದ್ದರೆ ಮನೆ ಮಾರಿ, ಸಾಲ ತೀರಿಸಿ, ಉಳಿದುದನ್ನು ಹಂಚಿಕೊಳ್ಳುವುದೇ ಇಬ್ಬರಿಗೂ ನ್ಯಾಯ. ಒಬ್ಬರ ಮನೆಗಾಗಿ ಇನ್ನೊಬ್ಬರು ಹತ್ತು ಹದಿನೈದು ವರ್ಷ ಹೊಣೆ ಹೊತ್ತಿರುವುದು ಸರಿಯಲ್ಲ. ಡಿಕ್ರಿ ಕೈಗೆ ಬಂದ ವಾರದಲ್ಲಿಯೇ ಉಳಿತಾಯ ಖಾತೆ, ವಿಮೆ, ಭವಿಷ್ಯನಿಧಿಗಳಲ್ಲಿ ಇಬ್ಬರೂ ತಮ್ಮ ತಮ್ಮ ನಾಮನಿರ್ದೇಶನವನ್ನು ಬದಲಿಸಿಕೊಳ್ಳಿ. ಹಾಗೂ ಕಂತು ಹೋಗುತ್ತಿದ್ದ ಜಂಟಿ ಖಾತೆಯನ್ನು ಮುಚ್ಚುವ ಮೊದಲು, ಮುಂದಿನ ಕಂತು ನಿಮ್ಮ ಖಾತೆಯಿಂದ ಹೋಗುವಂತೆ ಬ್ಯಾಂಕಿಗೆ ಹೊಸ ಆದೇಶ ಕೊಟ್ಟಿದ್ದೀರೋ ಎಂದು ನೋಡಿಕೊಳ್ಳಿ.